ಬರಿಗುಣಿಯ ಮಣ್ಣು

ಮುತ್ತಲದಿನ್ನಿಯ ಬಸ್ ನಿಲ್ದಾಣದಿಂದ ಪಡುವಣಕ್ಕೆ ಅರ್ಧ ಹರದಾರಿ ನಡೆದರೆ ಎರೆಹೊಲಗಳ ನಡುವೆ ಒಂದು ದೊಡ್ಡ ಗುಂಡಿ ಸಿಗುತ್ತದೆ. ಇಳಿಯಲು ಮೆಟ್ಟಿಲುಗಳಿವೆ, ಹಿಡಿದುಕೊಳ್ಳಲು ಕಬ್ಬಿಣದ ಸರಳುಗಳಿವೆ. ಸಂಗೀತ ಕಲಿಯುವ ಮಕ್ಕಳನ್ನು ಕರೆತಂದ ತಾಯಂದಿರು ಸಾಲುಗಟ್ಟಿ ನಿಂತು, ಚಿಟಿಕೆ ಮಣ್ಣು ಕೆರೆದು ಮಕ್ಕಳ ನಾಲಿಗೆಗೆ ಹಚ್ಚುತ್ತಾರೆ. ಉಗುಳಿದ ಮಗುವಿನ ಬೆನ್ನಿಗೊಂದು ಗುದ್ದು. ಈ ಜಾಗದ ಹೆಸರು ಬರಿಗುಣಿ, ಎಂದರೆ ಹೆಣವಿಲ್ಲದ ಕುಣಿ. ಹೆಸರೇ ಬಾಯಿಬಿಟ್ಟು ಹೇಳುತ್ತಿದ್ದರೂ ಮಣ್ಣು ತಿನ್ನುವವರ ಕಿವಿಗೆ ಅದು ಬಿದ್ದಂತಿಲ್ಲ.

ಹಿಂದೆ ಒಮ್ಮೆ, ದೇಸಾಯರ ದೇಸಗತಿಯ ಕಾಲದಲ್ಲಿ, ಈ ಊರಲ್ಲಿ ಅಂಬವ್ವನೆಂಬ ಹಾಡುಗಾರ್ತಿ ಇದ್ದಳಂತೆ. ಅವಳು ದನಿ ಎತ್ತಿದರೆ ತುಂಬಿದ ಸಂತೆಯೂ ಗಪ್ಪಾಗುತ್ತಿತ್ತು ಎನ್ನುತ್ತಾರೆ. ತಂಗಿ ದುರಗವ್ವನಿಗೆ ಹಾಡು ಒಲಿದಿರಲಿಲ್ಲ. ಅಕ್ಕನಿಗೆ ಗಂಜಿ ಕಾಸುವುದು, ತಲೆ ಬಾಚುವುದು, ಹೊತ್ತುಗೊತ್ತಿಲ್ಲದೆ ಬಾಗಿಲಿಗೆ ಮುತ್ತುವ ಜನರನ್ನು ಬೈದು ಅಟ್ಟುವುದು ಅವಳ ಪಾಲಿನ ಕೆಲಸ. ಜ್ವರದಲ್ಲಿ ಮಲಗಿದ ಅಂಬವ್ವ ಕಡೆಗೆ ಕೇಳಿದ್ದು ಒಂದೇ ಮಾತು: "ಸತ್ತಮ್ಯಾಲಾದ್ರೂ ನನ್ನ ಯಾರೂ ಮುಟ್ಟದಂಗ ನೋಡ್ಕೋ, ತಂಗಿ. ಸಾಕಾಗೇತಿ." ದುರಗವ್ವ ಅಕ್ಕನ ಕೈ ಹಿಡಿದು ಆಗಲೆಂದಳು.

ಸಾವಿಗೆ ಬಂದವರೆಲ್ಲ ಕುಣಿಗೆ ಮೂರು ಹಿಡಿ ಮಣ್ಣು ಹಾಕುವುದು ಈ ಸೀಮೆಯ ಪದ್ಧತಿ. ಮಣ್ಣು ಮಾಡುವ ದಿನ ಹತ್ತೂರು ನೆರೆದಿತ್ತು. ಅಷ್ಟರಲ್ಲಿ ಯಾವನೋ ಪುಣ್ಯಾತ್ಮ, "ಅವ್ವನ ಕುಣಿ ಮಣ್ಣು ತಿಂದ್ರ ಕಂಠ ಬರತೈತಿ" ಎಂದುಬಿಟ್ಟ. ಹಾಕಬೇಕಾದ ಮೂರು ಹಿಡಿಯನ್ನು ಜನ ಉಡಿಗೆ, ರುಮಾಲಿಗೆ, ಬಾಯಿಗೇ ತುಂಬಿಕೊಳ್ಳತೊಡಗಿದರು. ಕುಣಿ ತುಂಬುವ ಬದಲು ಅಂಚೇ ಕುಸಿಯಿತು. ಮೇಲಿನ ರಾಶಿ ಮುಗಿದಾಗ ಒಳಗೇ ಇಳಿದರು. ಒಬ್ಬ ಗೌಡತಿ ಹೆಣದ ತುಟಿಗೆ ಸಕ್ಕರೆ ಒರೆಸಿ, ಅದನ್ನೇ ತನ್ನ ಮಗಳ ಬಾಯಿಗಿಟ್ಟಳು. ಇನ್ನೊಬ್ಬ ಮುಡಿಗೆ ಕೈಹಾಕಿ ಕೂದಲು ಕಿತ್ತ. ಥೂ! ಹದ್ದು ಕೂಡ ಎರಗುವ ಮುಂಚೆ ಒಂದು ಸುತ್ತು ಹಾಕುತ್ತದೆ. ದುರಗವ್ವ ಅಡ್ಡ ನಿಂತಳು. ಬೈದಳು, ಕೈಮುಗಿದಳು, ಯಾರೂ ಅತ್ತ ತಿರುಗಿ ನೋಡಲಿಲ್ಲ.

ಕೊನೆಗೆ ಅವಳು ಗಂಟಲು ಹರಿಯುವಂತೆ ಕೂಗಿದಳು: "ಅಕ್ಕನ ಸೀರಿ, ಬಳಿ, ತಂಬೂರಿ ಎಲ್ಲಾ ಮನ್ಯಾಗ ಅದಾವು! ಬಾಗಲಾ ತಗದೈತಿ, ಯಾರಿಗೆ ಬೇಕೋ ತಗೋರಿ!" ಜನ ಬಿದ್ದೆದ್ದು ಓಡಿದರು. ಕುಣಿ ತೋಡುವ ಭರಮಪ್ಪ ಮಾತ್ರ ಸಲಿಕೆ ಹಿಡಿದು ನಿಂತಿದ್ದ. ಇಬ್ಬರೂ ಸೇರಿ ಅಂಬವ್ವನನ್ನು ಎತ್ತಿ ಅವನ ಎತ್ತಿನ ಚಕ್ಕಡಿಯಲ್ಲಿಟ್ಟು ಮೇಲೆ ಜೋಳದ ಒಣದಂಟಿನ ಕಣಿಕೆ ಮುಚ್ಚಿದರು. "ಎಲ್ಲಿ ಇಡತೀಯೋ ಇಡು, ಭರಮಣ್ಣ. ಎಲ್ಲಂತ ನನಗೂ ಹೇಳಬ್ಯಾಡ. ಗೊತ್ತಾದ್ರ ನಾ ದೀಪಾ ಹಚ್ಚಾಕ ಹೋಗತೀನಿ, ಈ ಮಂದಿ ನನ್ನ ಬೆನ್ನು ಹತ್ತತೈತಿ" ಎಂದಳು ದುರಗವ್ವ. ಚಕ್ಕಡಿ ಹೋಯಿತು. ಉಳಿದ ಕಣಿಕೆಯನ್ನು ಕುಣಿಗೆ ತುಂಬಿ, ಸುತ್ತಲಿನ ಮಣ್ಣೆಳೆದು ದಿಬ್ಬ ಮಾಡಿ, ಒಬ್ಬಳೇ ಕುಳಿತು ಅತ್ತಳು. ಮೂರನೆಯ ದಿನ ಎಲ್ಲರೆದುರು ಆ ಕಣಿಕೆಗೇ ಹಾಲು ತುಪ್ಪ ಬಿಟ್ಟಳು. ಅಕ್ಕನ ತಲೆಯ ಮೇಲೆ ಒಂದು ತೊಟ್ಟು ಹಾಲು ಬಿಡುವ ಭಾಗ್ಯ ಅವಳಿಗೆ ಕೊನೆಯವರೆಗೂ ಇಲ್ಲವಾಯಿತು. ಭರಮಪ್ಪನೂ ಬಾಯಿ ಬಿಡದೆಯೇ ಸತ್ತ.

ಜನ ಮಾತ್ರ ಬರುತ್ತಲೇ ಇದ್ದರು. ಹಲವು ವರ್ಷಗಳ ಮೇಲೆ, ಒಬ್ಬ ತಾಯಿ ಹಸುಗೂಸಿನ ಬಾಯಿಗೆ ಮಣ್ಣು ತುರುಕಿದಾಗ ಅದು ಉಸಿರುಗಟ್ಟಿ ನೀಲಿಗಟ್ಟಿತು. ದುರಗವ್ವ ಓಡಿಹೋಗಿ ಬೆರಳು ಹಾಕಿ ಮಣ್ಣು ತೆಗೆದಳು. ಕೂಸು ಅತ್ತಿತು. ಇನ್ನು ಸುಮ್ಮನಿರುವುದು ಅವಳಿಂದಾಗಲಿಲ್ಲ. "ಇದು ಬರೇ ಕುಣಿ ಐತ್ರೋ! ಇದರಾಗ ನಮ್ಮಕ್ಕ ಇಲ್ಲ! ಕಣಿಕಿ ಕೊಳತ ಮಣ್ಣು ತಿನ್ನಾಕತ್ತೀರಿ!" ಎಂದು ಎಲ್ಲರ ಮುಂದೆ ಹೇಳಿಬಿಟ್ಟಳು. ಬರಿಗುಣಿಯೆಂಬ ಹೆಸರು ಬಂದದ್ದು ಅಂದಿನಿಂದ. ಯಾರಾದರೂ ನಾಚಿದರೇ? ಎಲ್ಲಿ ಬಂತು! "ಹಂಗಾದ್ರ ಖರೇ ಕುಣಿ ಎಲ್ಲೈತಿ?" ಎಂದು ಸಲಿಕೆ ಹಿಡಿದು ಅವಳ ಮನೆಗೇ ಬಂದರು. ಗೊತ್ತಿಲ್ಲವೆಂದಳು. ನಂಬಲಿಲ್ಲ. ಅಕ್ಕನ ಮಣ್ಣನ್ನೆಲ್ಲ ಇವಳೊಬ್ಬಳೇ ತಿಂದು ಮುಗಿಸಿದ್ದಾಳೆ ಎಂಬ ಸುದ್ದಿ ಹಬ್ಬಿತು.

ಮುಂದೆ ದುರಗವ್ವ ತೀರಿಕೊಂಡಾಗ ಅವಳನ್ನು ಬರಿಗುಣಿಯ ಪಕ್ಕದಲ್ಲೇ ಮಣ್ಣು ಮಾಡಿದರು. ಅಂದು ಅವಳಿಗಾಗಿ ಜನರನ್ನು ಅಟ್ಟಲು ಯಾರೂ ಇರಲಿಲ್ಲ. ಜೀವಮಾನದಲ್ಲಿ ಒಂದು ಪದ ಹಾಡದವಳ ಮಣ್ಣು ವಾರದೊಳಗೆ ಖಾಲಿಯಾಯಿತು ಎನ್ನುತ್ತಾರೆ. ಬರಿಗುಣಿಯ ಬಲಕ್ಕೆ, ಮೆಟ್ಟಿಲಿಲ್ಲದ ಸಣ್ಣ ತಗ್ಗೊಂದು ಇಂದಿಗೂ ಇದೆ. ದೊಡ್ಡ ಗುಂಡಿಯ ಸಾಲು ಉದ್ದವಾದ ದಿನ, ಕಾಯುವ ತಾಳ್ಮೆಯಿಲ್ಲದವರು ಅಲ್ಲಿಂದಲೇ ಕೆರೆದುಕೊಂಡು ಹೋಗುತ್ತಾರೆ.