ತೊಡೆಸಂದಿನಲ್ಲಿ ಕೂತ ತಿಳಿಯವ್ವ

ಲೋಕಕ್ಕೆ ಬಳಿದ ಬಣ್ಣ ಇನ್ನೂ ಹಸಿಯಾಗಿತ್ತು, ಮುಟ್ಟಿದರೆ ಕೈಗೆ ಹತ್ತುತ್ತಿತ್ತು. ಆಗ ಮೊಟ್ಟಮೊದಲ ಕೋತಿಮರಿಯ ಮೈಯೊಳಗೆ ಇಬ್ಬರು ಅಕ್ಕತಂಗಿಯರಿದ್ದರು.

ಅಕ್ಕ ನೆತ್ತರವ್ವ. ಕೆಂಪು ಸೀರೆ, ಗುಂಡಿಗೆರಾಯನ ಹೆಂಡತಿ. ಗಂಡ ಹಿಂದಿನಿಂದ ದಬ್ಬುತ್ತಿದ್ದ, ಇವಳು ಓಡುತ್ತಿದ್ದಳು. ಅಷ್ಟಕ್ಕೇ ಏನು ಜಂಬ ಅಂತೀಯ!

ತಂಗಿ ತಿಳಿಯವ್ವ, ತರಚಿದ ಗಾಯದಲ್ಲಿ ಒಸರುವ ತಿಳಿನೀರಿನ ಬಣ್ಣದವಳು. ಗಂಡನಿಲ್ಲ, ದಬ್ಬುವವರಿಲ್ಲ. ಮರಿ ಕೈಕಾಲು ಆಡಿಸಿದರೆ ಒಂದು ಹೆಜ್ಜೆ ಮುಂದೆ, ಇಲ್ಲದಿದ್ದರೆ ನಿಂತಲ್ಲೇ. ಅಕ್ಕ ದಾರಿಯುದ್ದಕ್ಕೂ ಚೆಲ್ಲಿದ್ದನ್ನು ಬಳಿದು ತಂದು ಅವಳ ಮನೆಗೇ ಒಪ್ಪಿಸುವುದು ಇವಳ ಬಾಳು. ಅದಕ್ಕೆ ಒಂದು ಒಳ್ಳೆಯ ಮಾತು ಬಂದದ್ದು ನಾನಂತೂ ಕೇಳಿಲ್ಲ.

ಒಂದು ದಿನ ಮರಿಯ ಪಾದಕ್ಕೆ ಕಾರೆಮುಳ್ಳು ನೆಟ್ಟಿತು. ಅದರ ಬೆನ್ನಿಗೇ ನಂಜ ಅನ್ನುವವನು ಒಳಗೆ ನುಗ್ಗಿದ. ಹೊಕ್ಕ ಮನೆಯನ್ನು ಉಳಿಸಿದವನಲ್ಲ ಅವನು. ಗುಂಡಿಗೆಯನ್ನು ತಲುಪಿದನೋ, ಮರಿ ಹೋದಂತೆ.

ಹೊರಗೆ ತಾಯಿಕೋತಿ ಮರಿಯನ್ನು ಅವಚಿಕೊಂಡು ಕೂತಿತ್ತು. ಏನಾಯಿತೆಂದು ಗಾಳಿ ಕೇಳಿತು. ತಾಯಿ ಮರಿಯ ಪಾದ ಎತ್ತಿ ತೋರಿಸಿತು.

ಅವನನ್ನು ಹೊಡೆದು ಓಡಿಸುವ ಬಲ ತಿಳಿಯವ್ವನಿಗೆಲ್ಲಿ? ತೊಡೆಸಂದಿನಲ್ಲಿ ಅಡ್ಡ ನಿಂತಳು. ಬಂದವನನ್ನು ಸೆರಗಿನೊಳಗೆ ಎಳೆದುಕೊಂಡು ಗಟ್ಟಿಯಾಗಿ ತಬ್ಬಿ ಕೂತುಬಿಟ್ಟಳು.

ಅದೇ ಹೊತ್ತಿಗೆ ಅಕ್ಕ ಬರಬೇಕೆ? ಕಂಡದ್ದನ್ನು ಬೆನ್ನಿಗೆ ಹೇಳಿದಳು, ಹೊಟ್ಟೆಗೆ ಹೇಳಿದಳು, ಕೇಳದಿದ್ದ ಕಿವಿಗೂ ಹೇಳಿ ಬಂದಳು. ಅವಳ ಸಿಟ್ಟಿಗೆ ಮರಿಯ ಮೈ ಕೆಂಡವಾಯಿತು.

“ನಾಚಿಕೆ ಇಲ್ವೇನೇ? ಬಿಡು ಅವನನ್ನ,” ಅಂದಳು.

“ಬಿಟ್ರೆ ಮರಿ ಉಳಿಯಲ್ಲ ಕಣಕ್ಕಾ.”

“ಹಿಡಿದಿರೋದು ಗಂಡಸನ್ನ, ನೆಪ ಮರೀದು. ಸೆರಗು ತೆಗೆದು ತೋರ್ಸು ನೋಡೋಣ.”

ಸೆರಗು ತೆಗೆದರೆ ಅವನು ಹಾರಿಹೋಗುತ್ತಾನೆ. ತೆಗೆಯದಿದ್ದರೆ ಮಾನ ಹೋಗುತ್ತದೆ. ತಿಳಿಯವ್ವ ತೆಗೆಯಲಿಲ್ಲ. ಒಳಗಿಂದ ಅವನು ಕಚ್ಚಿದ, ಇವಳು ಊದಿಕೊಂಡಳು. ಬಸುರಿ ಅಂತಲೂ ಸುದ್ದಿ ಹಬ್ಬಿತು.

ಕೊನೆಗೆ ನಂಜ ಅವಳ ತೋಳಿನಲ್ಲೇ ಸತ್ತ. ಮರಿ ಎದ್ದು ಕೊಂಬೆಗೆ ನೆಗೆಯಿತು. ತಾಯಿಕೋತಿ ನೆತ್ತರವ್ವನಿಗೆ ಕೈಮುಗಿಯಿತು. ತಂಗಿಯನ್ನು ಯಾರೂ ಕೇಳಲಿಲ್ಲ. ಅಕ್ಕ ಮುಂಬಾಗಿಲು ಹಾಕಿಕೊಂಡಳು. ಇವತ್ತಿಗೂ ತಿಳಿಯವ್ವ ಕತ್ತಿನ ಬುಡದ ಹಿತ್ತಿಲಬಾಗಿಲಿನಿಂದ, ತಲೆ ತಗ್ಗಿಸಿ, ಬಳಿದು ತಂದದ್ದನ್ನು ಒಪ್ಪಿಸಲು ಅಕ್ಕನ ಮನೆಯೊಳಗೆ ಹೋಗುತ್ತಾಳೆ.

ಮುಸುವನ ಮೈಯಲ್ಲೂ ಅವಳಿದ್ದಾಳೆ, ದುಂಡುಗಣ್ಣಿನ ಕಾಡುಪಾಪದ ಮೈಯಲ್ಲೂ, ನಿನ್ನ ಮೈಯಲ್ಲೂ. ಅವಳು ಹೀಗೆ ಕಾವಲು ಕೂರುವ ಜಾಗ ಒಂದು ಮೈಯಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಗಂಟಲು, ಕಂಕುಳು, ತೊಡೆಸಂದು ಮಾತ್ರ ಎಲ್ಲಿಯೂ ತಪ್ಪಿಲ್ಲ.

ಅದಕ್ಕೇ ಮಗಾ, ಕಾಲಿನ ಗಾಯ ಕೀವಾದಾಗ ತೊಡೆಸಂದಿನಲ್ಲಿ ಒಂದು ಗೆಡ್ಡೆ ಎದ್ದು, ಮುಟ್ಟಿದರೆ ನೋಯುತ್ತದೆ: ಅಲ್ಲಿ ಅವಳು ಬೈಸಿಕೊಳ್ಳುತ್ತ, ಬಿಡದೆ ಕೂತಿರುತ್ತಾಳೆ.