ವೈದ್ಯನ ಮಗಳ ಪ್ರಶ್ನೆ

"ಗುರುಗಳೇ, ಪಶ್ಚಿಮದ ತತ್ವಶಾಸ್ತ್ರದ ಇತಿಹಾಸವನ್ನು ಓದಿ ಮುಗಿಸಿದೆ. ಅಷ್ಟು ದಪ್ಪ ಪುಸ್ತಕದಲ್ಲಿ ಹುಡುಕಿದರೂ ಹೆಂಗಸರ ಹೆಸರು ಒಂದೆರಡು ಸಿಕ್ಕರೆ ಹೆಚ್ಚು. ಆ ದೇಶಗಳ ಹೆಂಗಸರಿಗೆ ಪ್ರಶ್ನೆಗಳೇ ಹುಟ್ಟಲಿಲ್ಲವೇ?" ಎಂದು ಮರಿದೇವನೆಂಬ ಶಿಷ್ಯ ಕೇಳಿದ.

ಗುರುಗಳು ಹೇಳತೊಡಗಿದರು.

ಪಶ್ಚಿಮದ ಒಂದು ಊರಿನಲ್ಲಿ ಹೆಸರಾಂತ ವಿದ್ಯಾಪೀಠವಿತ್ತು. ಹೆಂಗಸರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಅಲ್ಲಿನ ಪಾಠ ಕೇಳಲೇಬೇಕೆಂದು ಒಬ್ಬ ವೈದ್ಯನ ಮಗಳು ಹಟ ಹಿಡಿದಳು. ತಂದೆ ಪಂಡಿತರ ಕೈಕಾಲು ಹಿಡಿದು ಒಪ್ಪಿಸಿದ. ಪಾಠದ ಕೋಣೆಯ ಮೂಲೆಯಲ್ಲಿ ಪರದೆ ಕಟ್ಟಿ, ಅದರ ಹಿಂದೆ ಒಂದು ಕುರ್ಚಿ ಹಾಕಿದರು. ಕೇಳಬಹುದು, ಮಾತಾಡಕೂಡದು ಎಂಬುದು ಕರಾರು.

ಒಂದು ದಿನ ಪಂಡಿತರು, "ನಾನೆಂದರೆ ನನ್ನ ಯೋಚನೆಯೇ. ಅದು ನಿಂತರೆ ನಾನೂ ಇಲ್ಲ" ಎಂದು ಪಾಠ ಹೇಳಿದರು. ಎದುರಿಗಿದ್ದವರೆಲ್ಲ ತಲೆಯಾಡಿಸಿದರು. ಪರದೆಯ ಹಿಂದಿದ್ದವಳಿಗೆ ಮಾತ್ರ ಸಮಾಧಾನವಾಗಲಿಲ್ಲ. ಗಾಢನಿದ್ದೆಯಲ್ಲಿ ಯೋಚನೆಯೇ ಇರುವುದಿಲ್ಲ. ಹಾಗಾದರೆ ಬೆಳಿಗ್ಗೆ ಎದ್ದವನು ಮಲಗಿದವನೇ ಎನ್ನುವುದು ಹೇಗೆ? ಈ ಪ್ರಶ್ನೆ ಅವಳನ್ನು ಹಿಡಿದುಕೊಂಡಿತು. ಊಟ ಸೇರಲಿಲ್ಲ. ಕೂತಲ್ಲಿ ಕೂರಲಾಗಲಿಲ್ಲ. ಬಾಯಿ ತೆರೆದರೆ ಇರುವ ಕುರ್ಚಿಯೂ ಹೋಗುತ್ತದೆ.

ಕೊನೆಗೆ, ಪಾಠ ಮುಗಿದು ಹೊರಟಿದ್ದ ಒಬ್ಬ ವಿದ್ಯಾರ್ಥಿಯನ್ನು ಪರದೆಯ ಸಂದಿಯಿಂದ ಕರೆದು, ಇದನ್ನು ನನ್ನ ಪರವಾಗಿ ಕೇಳಿ ಎಂದು ಬೇಡಿಕೊಂಡಳು. ಅವನು ಮರುದಿನ ಕೇಳಿದ. ಯಾರ ಪ್ರಶ್ನೆಯೆಂದು ಮಾತ್ರ ಹೇಳಲಿಲ್ಲ. ಪಂಡಿತರು ತಮಗೆ ತೋಚಿದ ಉತ್ತರ ಹೇಳಿದರು. ಆಮೇಲೆ, ಇಂಥ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ ಎಂದು ಅವನ ಬೆನ್ನು ತಟ್ಟಿದರು.

ಅವಳಿಗೆ ಬೇಸರವಾಗಲಿಲ್ಲ. ಬೇಕಾಗಿದ್ದು ಉತ್ತರ. ಪಂಡಿತರು ಕೊಟ್ಟ ಉತ್ತರದಲ್ಲಿ ಅವಳಿಗೆ ಇನ್ನೊಂದು ತೊಡಕು ಕಂಡಿತು. ಈ ಸಲ ಆ ವಿದ್ಯಾರ್ಥಿಯೇ ಪರದೆಯ ಬಳಿ ಬಂದು, "ಮುಂದೇನು ಕೇಳಲಿ, ಹೇಳಿ" ಎಂದು ಪಿಸುಗುಟ್ಟಿದ. ಹೀಗೆ ವರ್ಷಗಳು ಕಳೆದವು. ಅವಳು ಯೋಚಿಸುತ್ತಿದ್ದಳು, ಅವನು ಕೇಳುತ್ತಿದ್ದ. ಅವನ ಕೀರ್ತಿ ಬೇರೆ ಊರುಗಳಿಗೂ ಹಬ್ಬಿತು.

ಪಂಡಿತರು ತೀರಿಕೊಂಡರು. ಪೀಠ ಅವನಿಗೇ ಬಂತು. ಅವಳು ಸಂಭ್ರಮದಿಂದ ಅವನಲ್ಲಿಗೆ ಹೋದಳು.

"ಈಗ ಎಲ್ಲ ನಿಮ್ಮ ಕೈಯಲ್ಲಿದೆ. ಪರದೆ ತೆಗೆಸಿ. ಇನ್ನು ನಾನೇ ಕೇಳುತ್ತೇನೆ" ಎಂದಳು.

"ನೀನು ಕೇಳಿದರೆ ನಾನು ಉತ್ತರ ಹೇಳಬೇಕಾಗುತ್ತದೆ" ಎಂದ ಅವನು.

ಮರುದಿನ ಪರದೆ ತೆಗೆಸಿದ. ಅದರ ಹಿಂದಿನ ಕುರ್ಚಿಯನ್ನೂ ತೆಗೆಸಿದ.

ಅವಳು ಮನೆಗೆ ಮರಳಿದಳು. ಪ್ರಶ್ನೆ ಅವಳನ್ನು ಬಿಡಲಿಲ್ಲ. ತಂದೆಯ ರೋಗಿಗಳ ಪಕ್ಕದಲ್ಲಿ ಕೂತು, ಎಚ್ಚರ ತಪ್ಪಿ ಮತ್ತೆ ಕಣ್ಣು ಬಿಟ್ಟವರನ್ನು, ಇಷ್ಟು ಹೊತ್ತು ನೀವು ಎಲ್ಲಿದ್ದಿರಿ ಎಂದು ಕೇಳುತ್ತಿದ್ದಳು. ಕೆಲವರು ನಕ್ಕರು. ಒಬ್ಬಾಕೆ ಅವಳ ಕೈ ಹಿಡಿದುಕೊಂಡು ಅತ್ತಳು. ಅವಳಿಗೆ ಏನೇನೋ ಹೊಳೆಯುತ್ತಿತ್ತು. ಎದುರು ಕೂತು ವಾದಿಸುವವರು ಯಾರೂ ಇರಲಿಲ್ಲ. ಹಾಗೆಯೇ ಮುದುಕಿಯಾಗಿ ಸತ್ತಳು. ಅತ್ತ ಪೀಠದಲ್ಲಿ ಕೂತವನು ಅವಳ ಮೊದಲ ಪ್ರಶ್ನೆಯಿಂದಲೇ ಆರಂಭಿಸಿ ಒಂದು ಗ್ರಂಥ ಬರೆದ. ವಿದ್ಯಾರ್ಥಿಗಳು ಅದನ್ನು ಬಾಯಿಪಾಠ ಮಾಡಿದರು.

ಮರಿದೇವನಿಗೆ ತಡೆಯಲಾಗಲಿಲ್ಲ. ಎದ್ದು ನಿಂತ. "ಎಂಥ ಕಳ್ಳ! ಗುರುಗಳೇ, ಅವನ ಹೆಸರೇನು?"

ಗುರುಗಳು ಹೇಳಿದರು: "ನೀನೂ ಅವನ ಹೆಸರನ್ನೇ ಕೇಳಿದೆ."