ಹಳ್ಳಕ್ಕೆ ಬಿಟ್ಟ ಕೊಳೆ

ಶಿಷ್ಯ ಚೆನ್ನವೀರ ಕೇಳಿದ: "ಗುರುಗಳೇ, ಈಗ ನನಗೆ ಕೋಪ ಬಂದರೂ ಮಠದಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಒಳಗೇ ಇಳಿಸಿಬಿಡುತ್ತೇನೆ. ನನ್ನ ಮನಸ್ಸು ಶುದ್ಧವಾಯಿತು ಎನ್ನಬಹುದೆ?"

ಗುರುಗಳು ಒಂದು ಕತೆ ಹೇಳತೊಡಗಿದರು.

ಒಂದು ನಗರ ಬೆಳೆಯಿತು. ಮನೆಗೆ ಮನೆ ಹತ್ತಿಕೊಂಡಿತು. ಕೊಳೆನೀರು ಬೀದಿಯಲ್ಲೇ ಹರಿದು ಬಾವಿಗಳಿಗೆ ಇಳಿಯಿತು. ವಾಂತಿಭೇದಿ ಬಂದು ಕೇರಿಕೇರಿಗಳೇ ಬರಿದಾದವು. ಆಗ ಅರಸ ಒಬ್ಬ ಸ್ಥಪತಿಯನ್ನು ಕರೆಸಿ, ಕೊಳೆಯನ್ನು ನೆಲದಡಿಯಲ್ಲಿ ಸಾಗಿಸಲು ಸುರಂಗ ಕಟ್ಟೆಂದ.

ಸ್ಥಪತಿ ಬಂಡೆ ಒಡೆಸಿದ. ಮಣ್ಣು ಕುಸಿದಲ್ಲಿ ಕಮಾನು ಕೊಟ್ಟ. ಮೊಣಕಾಲುದ್ದದ ಕೆಸರಿನಲ್ಲಿ ತಾನೇ ನಿಂತು ಇಳಿಜಾರು ನೋಡಿಕೊಂಡ. ಕೊನೆಗೆ ಸುರಂಗವನ್ನು ಕೋಟೆಯಾಚೆ ಕಾಡಿನ ಕೊರಕಲಿಗೆ ಬಿಟ್ಟ. ಅಲ್ಲಿಂದ ಮುಂದೆ ನೀರು ಎಲ್ಲಿಗೆ ಹೋಗುತ್ತದೆಂದು ಯಾರೂ ಕೇಳಲಿಲ್ಲ, ಅವನೂ ಕೇಳಿಕೊಳ್ಳಲಿಲ್ಲ. ಬೀದಿಗಳು ಒಣಗಿದವು, ರೋಗ ನಿಂತಿತು. ಜನ ಅವನನ್ನು ಕಂಡಲ್ಲಿ ಕೈಮುಗಿದರು. ಬದುಕು ಸಾರ್ಥಕವಾಯಿತೆಂದು ಅವನಿಗೂ ಅನ್ನಿಸಿತು.

ಮರುವರ್ಷ ಅವನು, ಕಾಡಿನಾಚೆಯ ಹಳ್ಳಿಗೆ ಕೊಟ್ಟಿದ್ದ ಮಗಳು ನೀಲವ್ವನನ್ನು ನೋಡಲು ಹೋದ. ಮನೆಯಲ್ಲಿ ತೊಟ್ಟಿಲು ಬಿಚ್ಚಿಟ್ಟಿದ್ದರು. ಮೊಮ್ಮಗು ತೀರಿಕೊಂಡು ತಿಂಗಳೂ ಆಗಿರಲಿಲ್ಲ. ಅವನು ಕೈಕಾಲು ತೊಳೆಯಲು ಹಿತ್ತಲಿನ ಹಳ್ಳಕ್ಕೆ ಇಳಿದಾಗ ಮಗಳು ಓಡಿಬಂದು ತಡೆದಳು.

"ಬೇಡಪ್ಪಾ, ಆ ನೀರು ಮುಟ್ಟಬೇಡಿ. ನಮ್ಮ ಹಳ್ಳಕ್ಕೆ ಏನು ಕೇಡು ಬಂತೋ ಗೊತ್ತಿಲ್ಲ. ಕುಡಿದವರೆಲ್ಲ ಮಲಗಿದರು. ಈಗ ಗುಡ್ಡದಾಚೆಯ ಬಾವಿಯಿಂದ ಹೊತ್ತು ತರುತ್ತೇವೆ."

ಸ್ಥಪತಿ ಹಳ್ಳದ ಗುಂಟ ಮೇಲಕ್ಕೆ ನಡೆದ. ನಡೆದು ನಡೆದು, ಒಂದು ಕಲ್ಲಿನ ಕಮಾನಿನ ಎದುರು ಬಂದು ನಿಂತ. ಅವನೇ ಕೂರಿಸಿದ ಕಲ್ಲುಗಳು. ಒಂದೊಂದನ್ನೂ ಮುಟ್ಟಿ ನೋಡಿದ.

ಹಿಂದಿರುಗಿ ಬಂದು, "ಅದು ನಾನು ಕಟ್ಟಿದ ಸುರಂಗದ ನೀರು, ಮಗಳೇ" ಎಂದ.

ನೀಲವ್ವ ಅವನ ಮುಖವನ್ನೇ ನೋಡಿದಳು. ಕೊಡ ಎತ್ತಿಕೊಂಡು ಗುಡ್ಡದ ದಾರಿ ಹಿಡಿದಳು.

ಅವನು ಅರಸನ ಮುಂದೆ ಹೋಗಿ ನಿಂತ. "ನಗರ ಶುಚಿಯಾಗಿದೆಯಲ್ಲ, ಇನ್ನೇನು ಕೆಲಸ?" ಎಂದ ಅರಸ.

"ಪ್ರಭು, ನಮ್ಮ ಕೊಳೆ ಊರು ಬದಲಿಸಿದೆ, ಅಷ್ಟೆ."

ಅರಸ ಆಳುಗಳನ್ನು ಕೊಟ್ಟ. ಸ್ಥಪತಿ ಸುರಂಗದ ಬಾಯಲ್ಲೇ ಗುಡಿಸಲು ಹಾಕಿಕೊಂಡ. ಕೊಳೆ ತಳಕ್ಕಿಳಿಯಲು ಹೊಂಡ ತೋಡಿಸಿದ, ಮರಳು ಹಾಸಿದ, ಜೊಂಡು ಬೆಳೆಸಿದ. ನೀರು ತಿಳಿಯಾಗುವಷ್ಟರಲ್ಲಿ ಅವನ ತಲೆ ನರೆತಿತ್ತು. ಆಮೇಲೆ ಮಗಳ ಊರಿಗೆ ಬಂದು ಉಳಿದ. ದನಕರು ಮತ್ತೆ ಹಳ್ಳಕ್ಕೆ ಇಳಿದವು. ಹೆಂಗಸರು ಕೊಡ ತಂದರು. ನೀಲವ್ವ ಮಾತ್ರ ಗುಡ್ಡದಾಚೆಯ ಬಾವಿಗೇ ಹೋಗುತ್ತಿದ್ದಳು. ಅವಳು ಕೊಡ ಹೊತ್ತು ಗುಡ್ಡ ಇಳಿಯುವುದನ್ನು ತಂದೆ ದಿನವೂ ನೋಡುತ್ತಿದ್ದ. ಹಳ್ಳಕ್ಕೆ ಬಾ ಎಂದು ಒಮ್ಮೆಯೂ ಕರೆಯಲಿಲ್ಲ.

ಕತೆ ಮುಗಿಸಿ ಗುರುಗಳು ಶಿಷ್ಯನತ್ತ ತಿರುಗಿದರು.

"ಚೆನ್ನವೀರಾ, ನೀನು ಒಳಗೆ ಇಳಿಸಿದ ಕೋಪ ಯಾರ ಹಳ್ಳಕ್ಕೆ ಬೀಳುತ್ತಿದೆ?"